ಬೆನ್ನುಹುರಿ ಅಪಘಾತದ ನಂತರ: ನಿತ್ಯದ ಆರೈಕೆ ಮತ್ತು ಸಮುದಾಯ ಜೀವನ

ಮಿದುಳಿನ ಬುಡದಿಂದ ಹೊರಟು ಬೆನ್ನೆಲುಬಿನ ಕಾಲುವೆಯೊಳಗೆ ಇಳಿದುಬರುವ ನರಗಳ ಕಟ್ಟು ಬೆನ್ನುಹುರಿ. ಬೆಳೆದವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುಮಣಿಯ ಹತ್ತಿರ ಕೊನೆಗೊಳ್ಳುತ್ತದೆ. ಅದರಿಂದ 31 ಜೋಡಿ ನರಗಳು ಕವಲೊಡೆದು ಮೈಯೆಲ್ಲ ಹರಡುತ್ತವೆ. ಹುರಿಗೆ ಪೆಟ್ಟು ಬಿದ್ದಾಗ ಪೆಟ್ಟಿನ ಜಾಗದಿಂದ ಕೆಳಗಿನ ಮೈಗೂ ಮಿದುಳಿಗೂ ಇರುವ ಸಂಪರ್ಕ ಪೂರ್ತಿಯಾಗಿಯೋ ಅರೆಬರೆಯಾಗಿಯೋ ತಪ್ಪುತ್ತದೆ. ನಡಿಗೆ ನಿಂತದ್ದು ಎಲ್ಲರ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದೆ ನಿಂತುಹೋಗುವ ಸಂಗತಿಗಳು ಅದಕ್ಕಿಂತ ಹೆಚ್ಚು: ಚರ್ಮದ ಅರಿವು, ಮಲಮೂತ್ರಗಳ ಹತೋಟಿ, ಬೆವರು, ರಕ್ತದೊತ್ತಡದ ಹೊಂದಾಣಿಕೆ, ಲೈಂಗಿಕ ಸಂವೇದನೆ. ಶಸ್ತ್ರಚಿಕಿತ್ಸೆಯಲ್ಲಿ ಸರಳು, ಸ್ಕ್ರೂ ಹಾಕಿ ಮುರಿದ ಮೂಳೆಯನ್ನು ಬಿಗಿಮಾಡಬಹುದು, ಹುರಿಯ ಮೇಲಿನ ಒತ್ತಡ ತೆಗೆಯಬಹುದು. ಕಡಿದ ಹುರಿಯನ್ನು ಬೆಸೆಯುವ ಚಿಕಿತ್ಸೆ ಇನ್ನೂ ಬಂದಿಲ್ಲ. ಹೀಗಾಗಿ ಗಾಯಗೊಂಡವರ ಆಯುಷ್ಯವನ್ನೂ ಬದುಕಿನ ಗುಣವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಚರಿ.

ವಿಶ್ವ ಆರೋಗ್ಯ ಸಂಸ್ಥೆಯ 2013ರ ವರದಿಯ ಅಂದಾಜಿನಲ್ಲಿ ಪ್ರಪಂಚದಾದ್ಯಂತ ವರ್ಷಕ್ಕೆ 2.5 ಲಕ್ಷದಿಂದ 5 ಲಕ್ಷ ಮಂದಿ ಬೆನ್ನುಹುರಿಯ ಹಾನಿಗೆ ಒಳಗಾಗುತ್ತಾರೆ. ಭಾರತದಲ್ಲಿ ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ ಮುಖ್ಯ ಕಾರಣಗಳು. ಬೆನ್ನೆಲುಬಿನ ಕ್ಷಯ ಮತ್ತು ಗೆಡ್ಡೆಗಳಿಂದಲೂ ಇದೇ ಸ್ಥಿತಿ ಬರುತ್ತದೆ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಅಡಕೆ, ತೆಂಗಿನ ಮರದಿಂದ ಬಿದ್ದವರು ತಾಲೂಕು ತಾಲೂಕಿನಲ್ಲೂ ಸಿಗುತ್ತಾರೆ. ಅಡಕೆಯ ಕೊಳೆರೋಗ ತಡೆಯಲು ಬೋರ್ಡೊ ದ್ರಾವಣ ಹೊಡೆಯುವ ಕೆಲಸ ಮಳೆಗಾಲದ್ದು. ಮರ ಪಾಚಿಗಟ್ಟಿ ಜಾರುವ ಹೊತ್ತಿಗೇ ಕೊನೆಗಾರ ಮರ ಏರಬೇಕು. ನೆಲದಲ್ಲೇ ನಿಂತು ಔಷಧಿ ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿ ಈಚೆಗೆ ತೋಟಗಳಿಗೆ ಬಂದಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಬಯಲುಸೀಮೆ ಮತ್ತು ನಗರಗಳಲ್ಲಿ ಕಟ್ಟಡದ ಸಾರುವೆ, ಲಾರಿಯ ಮೇಲಿನ ಹೇರು, ಆಳ ತಿಳಿಯದೆ ಕೆರೆಗೆ ತಲೆಕೆಳಗಾಗಿ ಧುಮುಕುವುದು ಇದೇ ಗಾಯಕ್ಕೆ ದಾರಿ. ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಜೀಪಿನಲ್ಲಿ ಕೂರಿಸಿದರೆ ಅರೆಬರೆ ಗಾಯ ಪೂರ್ಣ ಗಾಯವಾಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ಗಾಯದ ಮಟ್ಟ

ಕುತ್ತಿಗೆಯ ಮಟ್ಟದ ಗಾಯದಲ್ಲಿ ಕೈಕಾಲು ನಾಲ್ಕೂ ಬಲಹೀನವಾಗುತ್ತವೆ, ಇದು ಟೆಟ್ರಾಪ್ಲೀಜಿಯ. ಎದೆ ಅಥವಾ ಅದಕ್ಕೂ ಕೆಳಗಿನ ಗಾಯದಲ್ಲಿ ಕೈಗಳು ಉಳಿದು ಕಾಲುಗಳು ಹೋಗುತ್ತವೆ, ಇದು ಪ್ಯಾರಾಪ್ಲೀಜಿಯ. ಕುತ್ತಿಗೆಯಲ್ಲಿ ಒಂದೊಂದು ಮಣಿಯ ವ್ಯತ್ಯಾಸವೂ ಬದುಕನ್ನೇ ಬದಲಿಸುತ್ತದೆ. ನಾಲ್ಕನೆಯ ನರದ ಮೇಲಿನ ಪೂರ್ಣ ಗಾಯದಲ್ಲಿ ಉಸಿರಾಟಕ್ಕೇ ಯಂತ್ರ ಬೇಕಾಗಬಹುದು. ಏಳನೆಯದರವರೆಗೆ ಬಲ ಉಳಿದರೆ ಮೊಣಕೈ ನೇರ ಮಾಡಿ ಮೈಯೆತ್ತಿ ಮಂಚದಿಂದ ಕುರ್ಚಿಗೆ ತಾವೇ ಸರಿಯುವ ಸಾಧ್ಯತೆ ಇದೆ. ಆರನೆಯದು ಉಳಿದವರಲ್ಲಿ ಒಂದು ವಿಶೇಷ ಕಾಣುತ್ತದೆ: ಬೆರಳುಗಳಿಗೆ ಸ್ವಂತ ಬಲವಿಲ್ಲ, ಆದರೂ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದಾಗ ಸ್ನಾಯುರಜ್ಜುಗಳು ಬಿಗಿದು ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಆ ಹಿಡಿತದಲ್ಲಿ ಲೋಟ ಎತ್ತಬಹುದು, ಹಲ್ಲುಜ್ಜಬಹುದು, ಮೊಬೈಲು ಹಿಡಿಯಬಹುದು. ಮನೆಯವರು ಪ್ರೀತಿಯಿಂದ ದಿನಾ ಬೆರಳುಗಳನ್ನು ಪೂರ್ತಿ ಬಿಡಿಸಿ ಎಳೆದು ನೀವಿದರೆ ಈ ರಜ್ಜುಗಳು ಸಡಿಲಗೊಂಡು ಹಿಡಿತ ಹೋಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದ್ದಾಗ ಬೆರಳು ಬಿಡಿಸಬಾರದು ಎಂಬ ಒಂದು ಸೂಚನೆಯನ್ನು ಮೊದಲ ವಾರಗಳಲ್ಲೇ ಹೇಳಿಕೊಟ್ಟರೆ ಒಬ್ಬರ ಜೀವಮಾನದ ಊಟ ಅವರ ಕೈಯಲ್ಲೇ ಉಳಿಯುತ್ತದೆ.

ಆರೈಕೆ ಬೆಳೆದುಬಂದ ದಾರಿ

ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿ ಕುತ್ತಿಗೆ ಮುರಿದು ಕೈಕಾಲಿನ ಅರಿವು ಕಳೆದುಕೊಂಡವರ ವಿವರವಿದೆ. ಚಿಕಿತ್ಸೆಗೆ ಒಳಪಡದ ವ್ಯಾಧಿಯೆಂದು ಅದನ್ನು ಬಿಟ್ಟುಬಿಡಲಾಗಿದೆ. ಇಪ್ಪತ್ತನೆಯ ಶತಮಾನದ ಮೊದಲ ಮಹಾಯುದ್ಧದವರೆಗೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣಿನ ನಂಜಿನಿಂದಲೋ ಮೂತ್ರಪಿಂಡ ಕೆಟ್ಟೋ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯ ಬೆನ್ನುಹುರಿ ವಿಭಾಗ ತೆರೆದು ಈ ಎರಡು ಸಾವುಗಳ ವಿರುದ್ಧ ನಿಂತರು. ಹಗಲಿರುಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಶಿಸ್ತಿನ ಆರೈಕೆ, ಎದ್ದು ಕೂತವರಿಗೆ ಕೆಲಸ ಮತ್ತು ಆಟ: ಇಷ್ಟೇ ಅವರ ಪದ್ಧತಿ. 1948ರಲ್ಲಿ ಅಲ್ಲಿ ಶುರುವಾದ ಗಾಲಿಕುರ್ಚಿ ಕ್ರೀಡಾಕೂಟ 1960ರಲ್ಲಿ ರೋಮ್ ತಲುಪಿ ಪ್ಯಾರಾಲಿಂಪಿಕ್ಸ್ ಆಯಿತು. 1972ರಲ್ಲಿ ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್, ಆಸ್ಪತ್ರೆಯ ನಿರ್ಜಂತುಕ ಕ್ರಮವಿಲ್ಲದೆ ಬರೀ ಶುಭ್ರವಾದ ಕೈ ಮತ್ತು ಕೊಳವೆಯಿಂದ ರೋಗಿಯೇ ಮನೆಯಲ್ಲಿ ಮೂತ್ರ ತೆಗೆದುಕೊಳ್ಳಬಹುದೆಂದು ತೋರಿಸಿಕೊಟ್ಟರು. ಬೆನ್ನುಹುರಿ ಗಾಯಾಳುಗಳನ್ನು ವಾರ್ಡಿನಿಂದ ಊರಿಗೆ ಕಳಿಸಿದ್ದು ಯಾವುದೇ ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಿ ಈ ಸರಳ ಕ್ರಮವೇ.

ಭಾರತದಲ್ಲಿ ಈ ಕ್ಷೇತ್ರದ ಮೊದಲ ಹೆಸರು ಡಾ. ಮೇರಿ ವರ್ಗೀಸ್. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಯುವ ವೈದ್ಯೆಯಾಗಿದ್ದಾಗ 1954ರಲ್ಲಿ ವಾಹನ ಅಪಘಾತದಲ್ಲಿ ಅವರ ಸೊಂಟದ ಕೆಳಗಿನ ಬಲ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅಮೆರಿಕದಲ್ಲಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. 1966ರಲ್ಲಿ ಆರಂಭವಾದ ಅಲ್ಲಿನ ಪುನರ್ವಸತಿ ಕೇಂದ್ರಕ್ಕೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಗಾಯಗೊಂಡ ಯೋಧರಿಗಾಗಿ ಪುಣೆಯ ಖಡಕಿಯಲ್ಲಿ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರವಿದೆ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿಗೆ ಬಂದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ದೆಹಲಿಯಲ್ಲಿ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಕಟ್ಟಿದರು. ಅದೇ ಯುದ್ಧದ ಮತ್ತೊಬ್ಬ ಗಾಯಾಳು ಮುರಳಿಕಾಂತ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಭಾರತಕ್ಕೆ ಮೊದಲ ಚಿನ್ನ ತಂದರು.

ಚರ್ಮ

ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಒಂದೇ ಕಡೆ ಭಾರ ಬಿದ್ದಾಗ ಚರ್ಮ ನೋವಿನ ಸುದ್ದಿ ಕಳಿಸುತ್ತದೆ, ಮೈ ತಾನಾಗಿ ಸರಿಯುತ್ತದೆ. ಬೆನ್ನುಹುರಿ ಗಾಯದಲ್ಲಿ ಆ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಬೆನ್ನಿನ ತುದಿ, ಕೂರುವಾಗ ನೆಲಕ್ಕೊತ್ತುವ ಪೃಷ್ಠದ ಎಲುಬು, ತೊಡೆಯ ಹೊರಮೈ, ಹಿಮ್ಮಡಿ ಇವು ಮುಖ್ಯ ಜಾಗಗಳು. ಒಳಗಿನ ಮಾಂಸ ಮೊದಲು ಕೆಡುವುದರಿಂದ ಮೇಲೆ ರೂಪಾಯಿಯಗಲ ಕಂಡ ಗಾಯ ಒಳಗೆ ಅಂಗೈಯಗಲವಿರಬಹುದು. ಎಲುಬಿಗೆ ತಲುಪಿದ ಹುಣ್ಣು ಮಾಯಲು ತಿಂಗಳುಗಟ್ಟಲೆ ಕವುಚಿ ಮಲಗಬೇಕು. ನಂಜು ರಕ್ತಕ್ಕೆ ಸೇರಿದರೆ ಪ್ರಾಣವೇ ಹೋಗುತ್ತದೆ.

ತಡೆಯುವ ಕ್ರಮದಲ್ಲಿ ದುಬಾರಿಯಾದದ್ದು ಕಡಿಮೆ. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊಣಕಾಲುಗಳ ನಡುವೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು ಕೊಡಬೇಕು. ಗಾಲಿಕುರ್ಚಿಯಲ್ಲಿರುವಾಗ ಕಾಲು ಅಥವಾ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿ ಅಥವಾ ಪಕ್ಕಕ್ಕೆ ವಾಲಿ ಒಂದೆರಡು ನಿಮಿಷ ಭಾರ ಇಳಿಸಬೇಕು. ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಮೈಯ ಹಿಂಬದಿ ನೋಡಿಕೊಳ್ಳಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗಲೂ ಬಿಳುಪಾಗದಿದ್ದರೆ ಹುಣ್ಣು ಶುರುವಾಗಿದೆಯೆಂದೇ ಅರ್ಥ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಸುತ್ತಲಿಗಿಂತ ಕಪ್ಪಾಗಿದೆಯೇ ಎಂದು ಕೈಯಿಟ್ಟು ನೋಡಬೇಕು. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವುದು ಊರುಗಳಲ್ಲಿ ಸಾಮಾನ್ಯ. ಎರಡೂ ಕೇಡು ಮಾಡುತ್ತವೆ: ತಿಕ್ಕಿದರೆ ಸೊರಗಿದ ಚರ್ಮ ಕಿತ್ತುಬರುತ್ತದೆ, ಟ್ಯೂಬಿನ ಅಂಚು ನಡುವಿನ ಭಾಗಕ್ಕೆ ರಕ್ತ ಹೋಗದಂತೆ ಒತ್ತುತ್ತದೆ. ಭಾರ ತೆಗೆಯುವುದೊಂದೇ ಮದ್ದು. ಸುಡುವುದೂ ಇದೇ ಬಗೆಯ ಅಪಾಯ. ಬಚ್ಚಲೊಲೆಯ ಹತ್ತಿರ ಚಾಚಿದ ಕಾಲು, ತೊಡೆಯ ಮೇಲಿಟ್ಟ ಬಿಸಿ ಚಹಾ, ಬೈಕಿನ ಸೈಲೆನ್ಸರ್ ಇವು ಸುಟ್ಟದ್ದು ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ನೆಲದಲ್ಲಿ ಮಲಗುವ ಮನೆಗಳಲ್ಲಿ ಕಾಲ್ಬೆರಳನ್ನು ಇಲಿ ಕಡಿದದ್ದೂ ಬೆಳಗಾದ ಮೇಲೆ ಕಾಣುತ್ತದೆ. ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವುದು ಇದಕ್ಕೂ ಒಳ್ಳೆಯದು.

ಮೂತ್ರ ಮತ್ತು ಮಲ

ಮೂತ್ರಕೋಶ ಪೂರ್ತಿ ಖಾಲಿಯಾಗದಿದ್ದರೆ ಸೋಂಕು, ಕಲ್ಲು. ಅದರೊಳಗಿನ ಒತ್ತಡ ಏರಿ ಮೂತ್ರ ಹಿಂದಕ್ಕೆ ಹರಿದರೆ ಮೂತ್ರಪಿಂಡಕ್ಕೇ ಪೆಟ್ಟು. ಕೈ ಬಳಸಬಲ್ಲವರಿಗೆ ಈಗ ಮೊದಲ ಸಲಹೆ ಸಿಐಸಿ, ಅಂದರೆ ಲ್ಯಾಪಿಡಿಸ್ ತೋರಿಸಿಕೊಟ್ಟ, ಶುಭ್ರವಾದ ಕೊಳವೆಯಿಂದ (ಕ್ಯಾತಿಟರ್) ಆಗಾಗ ಮೂತ್ರ ತೆಗೆಯುವ ಕ್ರಮ. ನಾಲ್ಕರಿಂದ ಆರು ಗಂಟೆಗೊಮ್ಮೆ ಸಾಬೂನಿನಿಂದ ಕೈ ತೊಳೆದು, ಜೆಲ್ಲಿ ಹಚ್ಚಿದ ಸಣ್ಣ ಕ್ಯಾತಿಟರ್ ಹಾಕಿ, ಖಾಲಿ ಮಾಡಿ ತೆಗೆದುಬಿಡುವುದು. ಒಂದು ಸಲಕ್ಕೆ 400ರಿಂದ 500 ಮಿಲಿಲೀಟರ್ ಮೀರಬಾರದು. ಮೀರುತ್ತಿದ್ದರೆ ಅಂತರ ಕಡಿಮೆ ಮಾಡಬೇಕು. ಹೆಂಗಸರು ಮೊದಮೊದಲು ಕನ್ನಡಿಯ ನೆರವು ಪಡೆದು, ಆಮೇಲೆ ಬೆರಳ ಅಂದಾಜಿನಲ್ಲೇ ಕಲಿತುಬಿಡುತ್ತಾರೆ. ಕೈ ಆಗದವರಿಗೆ ಒಳಗೇ ಉಳಿಯುವ ಫೋಲಿ ಕ್ಯಾತಿಟರ್ ಅಥವಾ ಕಿಬ್ಬೊಟ್ಟೆಯ ಮೂಲಕ ಹಾಕುವ ಕೊಳವೆ ಬೇಕಾಗುತ್ತದೆ. ಯೂರಿನ್ ಬ್ಯಾಗು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಹೊಟ್ಟೆ ಅದುಮಿ ಮೂತ್ರ ಹೊರಡಿಸುವ ಹಳೆಯ ರೂಢಿಯಿಂದ ಒತ್ತಡ ಮೂತ್ರಪಿಂಡದತ್ತ ತಿರುಗುವ ಭಯವಿದೆ. ಜ್ವರ, ಚಳಿ, ಹೆಚ್ಚಿದ ಸೆಡೆತ ಇವು ಸೋಂಕಿನ ಗುರುತು. ಬೇರೆ ಯಾವ ತೊಂದರೆಯೂ ಇಲ್ಲದೆ ಮೂತ್ರ ತುಸು ಮಬ್ಬಾದ ಮಾತ್ರಕ್ಕೆ ಆಂಟಿಬಯಾಟಿಕ್ ನುಂಗುತ್ತ ಹೋದರೆ ನಿಜವಾದ ಸೋಂಕಿಗೆ ಔಷಧವೇ ನಾಟದ ಸ್ಥಿತಿ ಬರುತ್ತದೆ. ಮದುವೆಗೋ ಪೇಟೆಗೋ ಹೋಗುವ ದಿನ ಬಟ್ಟೆ ಒದ್ದೆಯಾದೀತೆಂಬ ಭಯಕ್ಕೆ ನೀರೇ ಕುಡಿಯದವರು ತುಂಬ ಮಂದಿ. ಹೊರಗೆ ಕ್ಯಾತಿಟರ್ ಹಾಕಿಕೊಳ್ಳಲು ತಕ್ಕ ಶೌಚಾಲಯವಿದ್ದರೆ ಅವರು ನೀರು ಕುಡಿಯುತ್ತಿದ್ದರು.

ಮಲವಿಸರ್ಜನೆಗೆ ಬೇಕಾದದ್ದು ನಿಗದಿತ ಹೊತ್ತು. ತಿಂಡಿ, ಕಾಫಿಯ ನಂತರ ಕರುಳಿನ ಚಲನೆ ಹೆಚ್ಚುವುದರಿಂದ ಸುಮಾರು ಅರ್ಧ ಗಂಟೆ ಬಿಟ್ಟು ಕಮೋಡಿನ ಮೇಲೆ ಕೂರುವುದು ಅನುಕೂಲ. ಹುರಿಯ ಕೆಳತುದಿಗಿಂತ ಮೇಲೆ ಗಾಯವಾದವರಲ್ಲಿ ಗುದದ ಪ್ರತಿಕ್ರಿಯೆ ಉಳಿದಿರುತ್ತದೆ. ಗ್ಲೌಸ್ ತೊಟ್ಟ ಬೆರಳನ್ನು ಮೃದುವಾಗಿ ತಿರುಗಿಸಿದರೆ ಅಥವಾ ಗುದಗುಳಿಗೆ ಇಟ್ಟರೆ ಕರುಳು ತಾನೇ ತಳ್ಳುತ್ತದೆ. ಕೆಳತುದಿಗೇ ಪೆಟ್ಟಾದವರಲ್ಲಿ ಆ ಪ್ರತಿಕ್ರಿಯೆ ಇರುವುದಿಲ್ಲ, ಬೆರಳಿನಿಂದಲೇ ತೆಗೆಯಬೇಕಾಗುತ್ತದೆ. ರಾಗಿ, ಸೊಪ್ಪು, ಕಾಳು, ಸಾಕಷ್ಟು ನೀರು ನೆರವಿಗೆ ಬರುತ್ತವೆ. ಈ ಕೆಲಸವನ್ನು ಹೆಂಡತಿಯೋ ತಾಯಿಯೋ ಮಾಡಬೇಕಾದಾಗ ಇಬ್ಬರಿಗೂ ಆಗುವ ಸಂಕೋಚವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಸ್ಪತ್ರೆಯಲ್ಲೇ ನರ್ಸ್ ಒಬ್ಬರು ಎದುರಿಗಿದ್ದು ಕಲಿಸಿದ ಮನೆಗಳಲ್ಲಿ ಅದು ಬೇಗ ಹಲ್ಲುಜ್ಜುವಷ್ಟೇ ಸಹಜವಾಗುತ್ತದೆ.

ತುರ್ತು ಅಪಾಯ

ಎದೆಯ ಆರನೆಯ ನರ ಅಥವಾ ಅದಕ್ಕಿಂತ ಮೇಲೆ ಗಾಯವಾದವರು, ಅವರ ಮನೆಯವರು ಮತ್ತು ಊರಿನ ವೈದ್ಯರು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯದ ಬಗ್ಗೆ ತಿಳಿದಿರಲೇಬೇಕು. ಗಾಯದ ಕೆಳಗೆ ಏನೋ ತೊಂದರೆ ಇರುತ್ತದೆ: ಮಡಚಿಕೊಂಡ ಕ್ಯಾತಿಟರ್, ಕಟ್ಟಿಕೊಂಡ ಮಲ, ಬಿಗಿಯಾದ ಬೆಲ್ಟು, ಒಳಸರಿದ ಉಗುರು. ಅದಕ್ಕೆ ಮೈ ಕಡಿವಾಣವಿಲ್ಲದೆ ಪ್ರತಿಕ್ರಿಯಿಸಿ ರಕ್ತದೊತ್ತಡ ಥಟ್ಟನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ, ಗಾಯದ ಮೇಲ್ಭಾಗ ಬೆವರುತ್ತದೆ. ಇವರ ಸಹಜ ರಕ್ತದೊತ್ತಡವೇ ಹಲವು ಸಲ 90ರಿಂದ 110ರ ಆಸುಪಾಸಿನಲ್ಲಿರುವುದರಿಂದ 140 ಕಂಡರೂ ಅದು ಅಪಾಯದ ಏರಿಕೆ. ಆದರೆ ವಿಷಯ ತಿಳಿಯದವರಿಗೆ ಆ ಸಂಖ್ಯೆ ಮಾಮೂಲಿಯಾಗಿ ಕಾಣುತ್ತದೆ. ತಕ್ಷಣ ಎತ್ತಿ ಕೂರಿಸಿ ಕಾಲು ಇಳಿಬಿಡಬೇಕು, ಬಟ್ಟೆ ಸಡಿಲಿಸಬೇಕು, ಮೊದಲು ಕ್ಯಾತಿಟರ್, ಆಮೇಲೆ ಉಳಿದದ್ದು ನೋಡಬೇಕು. ಕಾರಣ ಸಿಗದಿದ್ದರೆ ಆಸ್ಪತ್ರೆಗೆ ಧಾವಿಸಬೇಕು. ತಡಮಾಡಿದರೆ ಮಿದುಳಿನ ರಕ್ತಸ್ರಾವದ ಸಂಭವವಿದೆ. ಇಂಥವರ ಹೆರಿಗೆಯಲ್ಲೂ ಇದೇ ಎಚ್ಚರ ಬೇಕು.

ಗಾಯದ ಕೆಳಗೆ ಬೆವರದ ಮೈ ಬಿಸಿಲನ್ನು ತಾಳದು. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿರಬೇಕು. ಕಾಲಿನ ಸೆಡೆತವನ್ನು ಕೆಲವರು ಶಕ್ತಿ ಮರಳುತ್ತಿದೆಯೆಂದು ತಪ್ಪಾಗಿ ತಿಳಿಯುತ್ತಾರೆ. ದಿನವೂ ಕೀಲುಗಳನ್ನು ಮಡಚಿ ಬಿಡಿಸುವುದು, ಬೇಕಿದ್ದರೆ ಬ್ಯಾಕ್ಲೋಫೆನ್ ಎಂಬ ಔಷಧ, ಅದಕ್ಕೆ ಸಾಮಾನ್ಯ ಉಪಾಯ. ಅರಿವಿಲ್ಲದ ಕಾಲಿನಲ್ಲೇ ಉರಿ ನೋವು ಕಾಣಿಸಿಕೊಳ್ಳುವುದು ಭ್ರಮೆಯಲ್ಲ, ಗಾಯಗೊಂಡ ನರದ ನೋವು. ಅದಕ್ಕೆ ಬೇರೆಯೇ ಔಷಧಗಳಿವೆ. ದಾಂಪತ್ಯ ಸುಖ ಮುಗಿಯಿತೆಂದು ತಿಳಿಯಬೇಕಿಲ್ಲ. ಹೆಂಗಸರಲ್ಲಿ ಕೆಲವು ತಿಂಗಳಲ್ಲಿ ಮುಟ್ಟು ಮರಳಿ ಗರ್ಭ ಧರಿಸುವ ಶಕ್ತಿ ಹಾಗೇ ಉಳಿಯುತ್ತದೆ. ಗಂಡಸರಿಗೆ ವೈದ್ಯರ ನೆರವಿನಿಂದ ತಂದೆಯಾಗುವ ದಾರಿಗಳಿವೆ. ಕೇಳಲು ನಾಚಿಕೆ ಎಂದು ಈ ಮಾತನ್ನೇ ಎತ್ತದ ವೈದ್ಯರು ರೋಗಿಗೆ ಅನ್ಯಾಯ ಮಾಡುತ್ತಾರೆ. ಮತ್ತೆ ನಡೆಯಬಹುದೆಂಬ ಆಸೆಗೆ ಜಮೀನು ಮಾರಿ ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಹಾಕಿಸಿಕೊಳ್ಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಈ ಗಾಯಕ್ಕೆ ಅದು ಅನುಮೋದಿತ ಪ್ರಯೋಗದ ಹೊರಗೆ ಸಲ್ಲದು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ.

ಹೊಸ್ತಿಲು ದಾಟುವುದು

ಗಾಲಿಕುರ್ಚಿ ಬಂದ ದಿನ ಮನೆ ಹೊಸದಾಗಿ ಕಾಣಿಸುತ್ತದೆ. ಪೂಜೆ ಮಾಡುವ ಹೊಸ್ತಿಲು, ಜಗಲಿಯ ಮೆಟ್ಟಿಲು, ಅಂಗಳದಾಚೆಯ ಬಚ್ಚಲು, ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ ಎಲ್ಲವೂ ಅಡ್ಡ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದದ ಇಳಿಜಾರು ಬೇಕು. ಆರಡಿಯಲ್ಲಿ ಮುಗಿಸಿದ ಇಳಿಜಾರು ನೋಡಲು ಇದೆ, ಏರಲು ಬರುವುದಿಲ್ಲ. ಸರಕಾರಿ ಕಟ್ಟಡಗಳಲ್ಲೂ ಅಂಥವು ಬೇಕಾದಷ್ಟಿವೆ. ಬಾಗಿಲಿಗೆ ಮೂರಡಿ ಅಗಲ, ಕುರ್ಚಿಯ ಆಸನದಷ್ಟೇ ಎತ್ತರದ ಮಂಚ, ಕಮೋಡಿನ ಪಕ್ಕದಲ್ಲಿ ಗೋಡೆಗೆ ಹಿಡಿಕೆ, ಇಷ್ಟಾದರೆ ಕೈಬಲವಿರುವವರು ಹಗಲಿನ ಬಹುತೇಕ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಕಮೋಡಿಗೆ ಹಣವಿಲ್ಲದ ಕಡೆ ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಬಳಸುತ್ತಾರೆ. ಅದರ ಅಂಚಿಗೆ ಮೆತ್ತೆ ಸುತ್ತದಿದ್ದರೆ ಅಲ್ಲೇ ಹುಣ್ಣಾಗುತ್ತದೆ.

ಕುರ್ಚಿಯನ್ನು ಅಂಗಿಯ ಹಾಗೆ ಅಳತೆಗೆ ತಕ್ಕಂತೆ ಕೊಡಬೇಕು. ಶಿಬಿರಗಳಲ್ಲಿ ಸಾಲಾಗಿಟ್ಟು ಹಂಚುವ ಆಸ್ಪತ್ರೆ ಮಾದರಿಯ ಮಡಚುವ ಕುರ್ಚಿ ರೋಗಿಯನ್ನು ವಾರ್ಡಿನಿಂದ ವಾರ್ಡಿಗೆ ಒಯ್ಯಲು ಮಾಡಿದ್ದು. ಅಗಲ ಹೆಚ್ಚಾದರೆ ಬೆನ್ನು ಸೊಟ್ಟಗಾಗುತ್ತದೆ. ಮೆತ್ತೆ ಇಲ್ಲದ ಕ್ಯಾನ್ವಾಸಿನ ಮೇಲೆ ದಿನವೆಲ್ಲ ಕೂತರೆ ಹುಣ್ಣು ಖಚಿತ. ಅಳತೆ, ಮೆತ್ತೆ, ತರಬೇತಿ, ದುರಸ್ತಿ ಎಲ್ಲ ಸೇರಿದರಷ್ಟೇ ಅದು ಗಾಲಿಕುರ್ಚಿ ಸೇವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯ ತಿರುಳು. ಐಐಟಿ ಮದ್ರಾಸಿನಲ್ಲಿ ರೂಪುಗೊಂಡ, ಅಳತೆಗೆ ಹೊಂದಿಸಬಹುದಾದ ನಿಯೋಫ್ಲೈ ಮತ್ತು ಅದಕ್ಕೆ ಜೋಡಿಸಿ ರಸ್ತೆಯಲ್ಲಿ ಓಡಿಸುವ ನಿಯೋಬೋಲ್ಟ್ ಈ ದಿಕ್ಕಿನ ಒಳ್ಳೆಯ ಬೆಳವಣಿಗೆ. ಪಕ್ಕಕ್ಕೆ ಎರಡು ಚಕ್ರ ಹೆಚ್ಚಿಗೆ ಕೂರಿಸಿದ ಸ್ಕೂಟರ್ ಹಳ್ಳಿಗಳಲ್ಲಿ ಅನೇಕರನ್ನು ಅಂಗಡಿಗೆ, ಡೈರಿಗೆ, ಮಕ್ಕಳ ಶಾಲೆಗೆ ತಲುಪಿಸಿದೆ.

ಕೆಲಸಕ್ಕೆ ಮರಳುವುದರಲ್ಲಿ ಅರ್ಧ ಗುಣವಿದೆ. ಮರವೇರುತ್ತಿದ್ದವರು ಅಡಕೆ ಸುಲಿಯುತ್ತಾರೆ, ಗಾರೆ ಕೆಲಸದವರು ಮೊಬೈಲು ರಿಪೇರಿಗೋ ಹೊಲಿಗೆಗೋ ಕೂರುತ್ತಾರೆ, ಓದಿದವರು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಒಂದೇ ಸಮನೆ ಕೂತು ಮಾಡುವ ಕೆಲಸವಾದ್ದರಿಂದ ಭಾರ ಇಳಿಸುವ ಪಾಠ ಇಲ್ಲಿ ಇನ್ನೂ ಮುಖ್ಯ. ಇದನ್ನೆಲ್ಲ ಹೇಳಿಕೊಡಲು ಅದೇ ಗಾಯವಾಗಿ ಹತ್ತು ವರ್ಷ ಬದುಕಿದವರಿಗಿಂತ ಒಳ್ಳೆಯ ಶಿಕ್ಷಕರಿಲ್ಲ. ಸ್ವೀಡನ್‌ನಲ್ಲಿ 1970ರ ದಶಕದಲ್ಲಿ ಇದು ಒಂದು ಪದ್ಧತಿಯಾಗಿಯೇ ಬೆಳೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ಬೆನ್ನುಹುರಿ ಗಾಯಾಳುಗಳಿಗೆ ಪುನರ್ವಸತಿ ತರಬೇತಿ ಕೊಡುತ್ತಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಬಳಿಯ ಸೌತಡ್ಕದಲ್ಲಿರುವ ಸೇವಾಧಾಮ ಇದೇ ಗಾಯಾಳುಗಳ ಪುನಶ್ಚೇತನ ಕೇಂದ್ರ. ತೋಟದ ಸೀಮೆಯ ನಡುವೆ ಇಂಥದೊಂದು ಇರುವುದು ತಕ್ಕ ಜಾಗವೇ ಸರಿ.

ಹಕ್ಕು ಮತ್ತು ನೆರವು

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ 19ನೆಯ ವಿಧಿ ಸಮುದಾಯದ ನಡುವೆ ಬದುಕುವುದನ್ನು ಹಕ್ಕಾಗಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೆಯ ಕಲಮು ಅದನ್ನು ನಮ್ಮ ಕಾನೂನಿಗೆ ತಂದಿತು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡು ಹೆಚ್ಚಿನ ಸವಲತ್ತುಗಳಿಗೆ ಕೀಲಿಕೈ. ಕರ್ನಾಟಕದಲ್ಲಿ ಮಾಸಾಶನ, ಪಂಚಾಯಿತಿಯ ಶೇ. 5ರ ನಿಧಿ, ಸಲಕರಣೆಗಳ ಅರ್ಜಿ ಮೊದಲಾದವುಗಳಿಗೆ ಓಡಾಡುವವರು ಊರಲ್ಲಿ ವಿಆರ್‌ಡಬ್ಲ್ಯು ಎಂದು ಕರೆಸಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಲ್ಪ ಗೌರವಧನದಲ್ಲಿ ದುಡಿಯುವ, ತಾವೂ ಅಂಗವಿಕಲರೇ ಆದ ಇವರಿಗೆ ಹುಣ್ಣು ಗುರುತಿಸುವ, ಸಿಐಸಿ ಕಲಿಸುವ ತರಬೇತಿ ಕೊಟ್ಟರೆ ಎಷ್ಟೋ ಸಾವುಗಳು ತಪ್ಪುತ್ತವೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕಟ್ಟಡ ಮತ್ತು ಸಾರಿಗೆಯಲ್ಲಿ ಸುಗಮ ಪ್ರವೇಶದ ನಿಯಮಗಳು ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಹೇಳಿತು.

ಇಷ್ಟರ ನಡುವೆ ಆರೈಕೆಯ ಭಾರ ಹೊರುತ್ತಿರುವುದು ಬಹುತೇಕ ಹೆಂಡತಿ, ತಾಯಿ, ಅಕ್ಕತಂಗಿಯರು. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವವಳು ಹಗಲು ಕೂಲಿಗೂ ಹೋಗುತ್ತಾಳೆ. ಅವಳ ಸೊಂಟ ನೋವಿಗೆ ಯಾವ ಯೋಜನೆಯೂ ಇಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಸಹಾಯಕರ ವೆಚ್ಚವನ್ನು ಜೀವಮಾನದ ಲೆಕ್ಕದಲ್ಲಿ ಪರಿಹಾರಕ್ಕೆ ಸೇರಿಸಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 2020ರಲ್ಲಿ ಎತ್ತಿಹಿಡಿದಿದೆ. ಮರದಿಂದಲೋ ಕಟ್ಟಡದಿಂದಲೋ ಬಿದ್ದವರಿಗೆ ಹಾಗೆ ಪರಿಹಾರ ಕೊಡುವ ವಿಮಾ ಕಂಪನಿ ಎದುರಿಗಿರುವುದಿಲ್ಲ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ, ಕಟ್ಟಡ ಕಾರ್ಮಿಕರಿಗೆ ರಾಜ್ಯದ ಕಲ್ಯಾಣ ಮಂಡಳಿಯ ನೆರವು ಇವೆ. ಎರಡೂ ಸಿಗುವುದು ಬೀಳುವ ಮೊದಲೇ ಹೆಸರು ನೋಂದಾಯಿಸಿಕೊಂಡವರಿಗೆ.